ಸ್ಪೀಕರ್ ಬಾಕ್ಸ್ ಹಿಂದಿರುವ ‘ಓಮ್’ ಯಾರು? ಎರಡನೇ ಬಾಕ್ಸ್ ಸಿಕ್ಕಿಸುವ ಮುನ್ನ ಒಮ್ಮೆ ಓದಿ

ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಯಂಥ ಊರಿನಲ್ಲಿ ಗಣೇಶನನ್ನು ಕೂರಿಸಿದರೆ ಒಂದು ಸಂಜೆಗಾದರೂ ಆರ್ಕೆಸ್ಟ್ರಾ ಬೇಕು ಅನ್ನುವವರು ಇದ್ದೇ ಇರುತ್ತಾರೆ. ಗಿಟಾರ್ ಹುಡುಗನ ಹತ್ತಿರ ಒಂದು ಆಂಪ್ ಇದೆ ಅಂದುಕೊಳ್ಳಿ. ಹಿಂದೆ ಕೂತವರಿಗೆ ಕೇಳಿಸುತ್ತಿಲ್ಲ ಎಂದು ಯಾರೋ ಇನ್ನೊಂದು ಸ್ಪೀಕರ್ ಬಾಕ್ಸ್ ಹೊತ್ತು ತರುತ್ತಾರೆ. ಪಿನ್ ಸರಿಹೊಂದಿತು, ಸಿಕ್ಕಿಸಿದ್ದಾಯಿತು. ನಾಲ್ಕು ಹಾಡು ಮುಗಿಯುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ, ಆಂಪ್ ಸದ್ದಡಗುತ್ತದೆ.

ತಪ್ಪು ಎಲ್ಲಾಯಿತು? ಉತ್ತರ ಬಾಕ್ಸ್ ಹಿಂದೆಯೇ ಇತ್ತು. ಅಲ್ಲಿ 4, 8 ಅಥವಾ 16 ಎಂಬ ಅಂಕಿಯ ಪಕ್ಕ ಕುದುರೆ ಲಾಳದಂಥ ಒಂದು ಗುರುತು ಇರುತ್ತದೆ. ಅದನ್ನು ಓಮ್ ಎಂದು ಓದಬೇಕು. ನಮ್ಮ ಮಂತ್ರದ ಓಂಕಾರದಿಂದಲೇ ಈ ಹೆಸರು ಬಂತೇ ಎಂದು ಕೇಳುವವರಿದ್ದಾರೆ. ಇಲ್ಲ, ಉಚ್ಚಾರ ಹತ್ತಿರವಿದೆ, ಅಷ್ಟೇ. ಆ ಗುರುತು ಗ್ರೀಕ್ ಭಾಷೆಯ ಒಮೆಗಾ ಅಕ್ಷರ. ಹೆಸರು ಜರ್ಮನಿಯ ಒಬ್ಬ ಮೇಷ್ಟರದು. ಅವರ ಕತೆ ಗೊತ್ತಾದರೆ ಬಾಕ್ಸ್ ಜೋಡಿಸುವ ಲೆಕ್ಕವೂ ಗೊತ್ತಾಗುತ್ತದೆ.

ಬೀಗ ಮಾಡುವವರ ಮಗ

ಗಿಯೋರ್ಗ್ ಸಿಮೋನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ. ತಂದೆ ಬೀಗ ತಯಾರಿಸುವ ಕಸುಬಿನವರು. ತಾವು ಶಾಲೆಯಲ್ಲಿ ಹೆಚ್ಚು ಓದದಿದ್ದರೂ ಸ್ವಂತವಾಗಿ ಓದಿಕೊಂಡು ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಟ್ಟರು. ಓಮ್‌ಗೆ 10 ವರ್ಷವಿದ್ದಾಗ ತಾಯಿ ತೀರಿಕೊಂಡರು. ತಮ್ಮ ಮಾರ್ಟಿನ್ ಮುಂದೆ ಹೆಸರಾಂತ ಗಣಿತಜ್ಞನಾದ.

ಓಮ್ ಹುಟ್ಟಿನಿಂದಲೇ ಶಿಸ್ತಿನ ಸಿಪಾಯಿಯಾಗಿರಲಿಲ್ಲ. ವಿಶ್ವವಿದ್ಯಾಲಯ ಸೇರಿದ ಹೊಸತರಲ್ಲಿ ಕುಣಿತ, ಬಿಲಿಯರ್ಡ್ಸ್, ಹಿಮದ ಮೇಲೆ ಜಾರುವ ಆಟ ಎಂದು ಕಾಲ ಕಳೆದರು. ಸಿಟ್ಟಾದ ಅಪ್ಪ ಓದು ಬಿಡಿಸಿದರು. ಓಮ್ 1806ರಲ್ಲಿ ಸ್ವಿಟ್ಜರ್ಲೆಂಡಿನ ಶಾಲೆಯೊಂದಕ್ಕೆ ಗಣಿತದ ಮೇಷ್ಟರಾಗಿ ಹೋದರು. ಅಲ್ಲಿ ತಾವಾಗಿಯೇ ಗಣಿತ ಓದಿಕೊಂಡು, ಊರಿಗೆ ಮರಳಿ 1811ರಲ್ಲಿ ಡಾಕ್ಟರೇಟ್ ಪಡೆದರು.

ತಂತಿ, ಕುದಿನೀರು ಮತ್ತು ಮಂಜುಗಡ್ಡೆ

1817ರಲ್ಲಿ ಕಲೋನ್ ನಗರದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು. ಪಾಠದ ನಡುವೆ ಸಿಕ್ಕ ಬಿಡುವಿನಲ್ಲಿ ಓಮ್ ಒಂದೇ ಪ್ರಶ್ನೆಯ ಬೆನ್ನು ಹತ್ತಿದರು. ತಂತಿಯ ಉದ್ದ ಹೆಚ್ಚಿದರೆ ಅದರಲ್ಲಿ ಹರಿಯುವ ಕರೆಂಟ್ ಎಷ್ಟು ಕಡಿಮೆಯಾಗುತ್ತದೆ?

ಅಂದಿನ ಬ್ಯಾಟರಿಗಳ ಶಕ್ತಿ ಏರುಪೇರಾಗುತ್ತಿತ್ತು, ಅಳತೆ ಕೆಡುತ್ತಿತ್ತು. ಆಗ ಇನ್ನೊಬ್ಬ ವಿಜ್ಞಾನಿ ಪೊಗೆನ್‌ಡಾರ್ಫ್ ಕೊಟ್ಟ ಸಲಹೆಯಂತೆ ಓಮ್ ಬೇರೆ ದಾರಿ ಹಿಡಿದರು. ಬಿಸ್ಮತ್ ಮತ್ತು ತಾಮ್ರವನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ಬಿಸಿ ಮತ್ತು ತಂಪಿನ ಅಂತರ ಬದಲಾಗದ್ದರಿಂದ ವೋಲ್ಟೇಜ್ ಕೂಡ ಸ್ಥಿರವಾಗಿ ನಿಂತಿತು. ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ, ತೂಗುಬಿಟ್ಟ ಅಯಸ್ಕಾಂತದ ಮುಳ್ಳು ಎಷ್ಟು ತಿರುಗುತ್ತದೆ ಎಂದು ಬರೆದಿಟ್ಟುಕೊಂಡರು. ಅಪ್ಪನ ಕಸುಬಿನ ನಡುವೆ ಬೆಳೆದವರಿಗೆ ಲೋಹ ಹೊಸದಾಗಿರಲಿಲ್ಲ.

ಸಿಕ್ಕ ಉತ್ತರ ಸರಳ. ವೋಲ್ಟೇಜ್ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು, ದಾರಿಯ ಅಡ್ಡಿ ಹೆಚ್ಚಿದಷ್ಟೂ ಕರೆಂಟ್ ಕಡಿಮೆ. 1827ರಲ್ಲಿ ಇದನ್ನು ಪುಸ್ತಕವಾಗಿ ಪ್ರಕಟಿಸಿದರು.

ಇಂದು ಹೈಸ್ಕೂಲ್ ಮಕ್ಕಳು ಬಾಯಿಪಾಠ ಮಾಡುವ ಈ ನಿಯಮವನ್ನು ಅಂದು ಅವರ ನಾಡಿನಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಭೌತವಿಜ್ಞಾನಕ್ಕೆ ಇಷ್ಟು ಗಣಿತ ಯಾಕೆ ಎಂಬ ತಕರಾರು ಇತ್ತು. ದೊಡ್ಡ ಹುದ್ದೆಯ ಆಸೆ ಇಟ್ಟುಕೊಂಡಿದ್ದ ಓಮ್ ನೊಂದು ಕಲೋನಿನ ಕೆಲಸವನ್ನೇ ಬಿಟ್ಟರು. ಕೆಲವು ವರ್ಷ ಬರ್ಲಿನ್ನಿನಲ್ಲಿ ಸಣ್ಣಪುಟ್ಟ ಪಾಠ ಹೇಳಿಕೊಂಡು ದಿನ ದೂಡಿ, 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ ಸೇರಿದರು.

ಎರಡು ತೂಬಿನ ಲೆಕ್ಕ

ಈಗ ನಮ್ಮ ಸ್ಪೀಕರ್‌ಗೆ ಬರೋಣ. ಓಮ್ ಎಂದರೆ ಸ್ಪೀಕರ್‌ನ ತಾಕತ್ತು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಅದು ಅಡ್ಡಿಯ ಅಳತೆ. ಇನ್ನೊಂದು ತಪ್ಪು ತಿಳಿವಳಿಕೆ, 8 ಓಮ್ ಬಾಕ್ಸಿಗೆ ಮತ್ತೊಂದು 8 ಓಮ್ ಬಾಕ್ಸ್ ಸೇರಿಸಿದರೆ ಯಾವಾಗಲೂ 16 ಆಗುತ್ತದೆ ಎಂಬುದು.

ಕೆರೆಯ ಒಂದು ತೂಬು ತೆಗೆದಾಗ ಒಂದಷ್ಟು ನೀರು ಹರಿಯುತ್ತದೆ. ಅದೇ ಅಳತೆಯ ಇನ್ನೊಂದು ತೂಬನ್ನೂ ತೆಗೆದರೆ ಎರಡರಷ್ಟು ಹರಿಯುತ್ತದೆ, ಅಂದರೆ ಅಡ್ಡಿ ಅರ್ಧವಾಯಿತು. ಆಂಪ್‌ನ ಹೆಚ್ಚುವರಿ ಸ್ಪೀಕರ್ ಜಾಕ್ ಸಾಮಾನ್ಯವಾಗಿ ಇದೇ ರೀತಿ ಜೋಡಿಸುತ್ತದೆ. ಇದಕ್ಕೆ ಪ್ಯಾರಲಲ್ ಎನ್ನುತ್ತಾರೆ. 8 ಮತ್ತು 8 ಸೇರಿದರೆ 4 ಓಮ್. ಒಂದರ ಹಿಂದೆ ಒಂದು ಜೋಡಿಸುವ ಸೀರೀಸ್ ಕ್ರಮದಲ್ಲಿ ಮಾತ್ರ 16.

ಒಂದು ಟ್ರಾನ್ಸಿಸ್ಟರ್ ಆಂಪ್ 20 ವೋಲ್ಟ್ ಕೊಡುತ್ತಿದೆ ಎಂದುಕೊಳ್ಳಿ. 8 ಓಮ್ ಬಾಕ್ಸ್ ಇದ್ದಾಗ ಎರಡೂವರೆ ಆಂಪಿಯರ್, 50 ವ್ಯಾಟ್. ಇನ್ನೊಂದು 8 ಓಮ್ ಸೇರಿದರೆ ಒಟ್ಟು 4 ಓಮ್, 5 ಆಂಪಿಯರ್, 100 ವ್ಯಾಟ್. ಅದರ ಬದಲು 4 ಓಮ್ ಬಾಕ್ಸ್ ಸೇರಿಸಿದರೆ ಒಟ್ಟು ಸುಮಾರು 2.7 ಓಮ್, ಏಳೂವರೆ ಆಂಪಿಯರ್! ಕನಿಷ್ಠ 4 ಓಮ್ ಎಂದು ಬರೆದಿರುವ ಆಂಪ್ ಇದನ್ನು ತಾಳದು. ಕಾಯುತ್ತದೆ, ಫ್ಯೂಸ್ ಹೋಗುತ್ತದೆ ಅಥವಾ ಟ್ರಾನ್ಸಿಸ್ಟರ್ ಸುಡುತ್ತದೆ. ಓಮ್ ಹೆಚ್ಚಾದರೆ ಈ ಆಂಪಿಗೆ ಅಪಾಯವಿಲ್ಲ, ಶಕ್ತಿ ಕಡಿಮೆಯಾಗುತ್ತದೆ ಅಷ್ಟೇ.

ವಾಲ್ವ್ ಆಂಪ್ ಹಾಗಲ್ಲ. ಅದರಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದರಿಂದ, ಒಟ್ಟು ಓಮ್ ಎಷ್ಟೋ ಅದಕ್ಕೆ ಹೊಂದುವ 4, 8 ಅಥವಾ 16ರ ಜಾಕ್ ಇಲ್ಲವೇ ಸ್ವಿಚ್ ಆರಿಸಬೇಕು. ಸ್ಪೀಕರ್ ಇಲ್ಲದೆ ಅದನ್ನು ನುಡಿಸಲೇಬಾರದು, ಟ್ರಾನ್ಸ್‌ಫಾರ್ಮರ್ ಹೋಗಬಹುದು.

ಮೀಟರ್ 6 ತೋರಿಸಿದರೆ ಬಾಕ್ಸ್ ಕೆಟ್ಟಿದೆಯೇ?

ಇಲ್ಲ. 8 ಓಮ್ ಸ್ಪೀಕರ್ ಮಲ್ಟಿಮೀಟರ್‌ನಲ್ಲಿ ಸುಮಾರು 6 ತೋರಿಸುವುದು ಸಹಜ. ಮೀಟರ್ ಅಳೆಯುವುದು ಕಾಯಿಲ್ ತಂತಿಯ ಅಡ್ಡಿಯನ್ನು ಮಾತ್ರ. ಸಂಗೀತದ ಕರೆಂಟ್ ಹಿಂದೆ ಮುಂದೆ ಓಲಾಡುವಂಥದ್ದು, ಆಗ ಸ್ವರಕ್ಕೆ ತಕ್ಕಂತೆ ಅಡ್ಡಿ ಬದಲಾಗುತ್ತದೆ. ಇದಕ್ಕೆ ಇಂಪೀಡೆನ್ಸ್ ಎಂಬ ಹೆಸರನ್ನು 1886ರಲ್ಲಿ ಕೊಟ್ಟವರು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಅವರೂ ಓಮ್‌ರಂತೆ ತಾವಾಗಿ ಓದಿ ಕಲಿತವರು.

ತಡವಾಗಿ ಬಂದ ಗೌರವ

ಓಮ್‌ರನ್ನು ಗುರುತಿಸಿದ್ದು ಹೊರನಾಡು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟಿತು. 1843ರಲ್ಲಿ ಓಮ್ ಸದ್ದಿನ ಬಗ್ಗೆಯೂ ಒಂದು ನಿಯಮ ಮಂಡಿಸಿದರು. ಒಂದು ತಂತಿಯ ನಾದದಲ್ಲಿ ಹಲವು ಸರಳ ಸ್ವರಗಳು ಬೆರೆತಿರುತ್ತವೆ, ಕಿವಿ ಅವನ್ನು ಬಿಡಿಸಿ ಕೇಳುತ್ತದೆ ಎಂಬುದು ಅದರ ಸಾರ. ಆಸೆಪಟ್ಟಿದ್ದ ಪ್ರೊಫೆಸರ್ ಹುದ್ದೆ ಮ್ಯೂನಿಕ್‌ನಲ್ಲಿ ಸಿಕ್ಕಿದ್ದು 1852ರಲ್ಲಿ. ಎರಡೇ ವರ್ಷಕ್ಕೆ, 1854ರ ಜುಲೈ 6ರಂದು ತೀರಿಕೊಂಡರು. 1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಅಡ್ಡಿಯ ಅಳತೆಗೆ ಅವರ ಹೆಸರನ್ನು ಒಪ್ಪಿಕೊಂಡಿತು. ಅದನ್ನು ನೋಡಲು ಅವರು ಇರಲಿಲ್ಲ.

ಹಾಗಾದರೆ ನಾವೇನು ಮಾಡಬೇಕು?

- ಆಂಪ್ ಹಿಂದೆ ಬರೆದಿರುವ ಕನಿಷ್ಠ ಓಮ್ ಓದಿ. ಒಳಗಿನ ಸ್ಪೀಕರ್‌ನ ಓಮ್ ಕೂಡ ಲೆಕ್ಕಕ್ಕೆ ಸೇರಿಸಿ.
- ಜಾಕ್ ಪ್ಯಾರಲಲ್ಲೋ ಸೀರೀಸೋ, ಒಳಗಿನ ಸ್ಪೀಕರ್ ಆಫ್ ಆಗುತ್ತದೆಯೋ ಎಂದು ಅದರ ಪುಸ್ತಕದಲ್ಲಿ ನೋಡಿ.
- ಸಾಧ್ಯವಾದಷ್ಟು ಒಂದೇ ಓಮ್‌ನ ಬಾಕ್ಸ್ ಬಳಸಿ. ಪ್ಯಾರಲಲ್‌ನಲ್ಲಿ ಕಡಿಮೆ ಓಮ್ ಇರುವ ಬಾಕ್ಸಿಗೇ ಹೆಚ್ಚು ಶಕ್ತಿ ಹೋಗುತ್ತದೆ. ಪ್ರತಿ ಬಾಕ್ಸ್ ತನ್ನ ಪಾಲಿನ ವ್ಯಾಟ್ ತಾಳುವಂತಿರಲಿ.
- ಗಿಟಾರ್ ಕೇಬಲ್ ಬೇಡ, ದಪ್ಪ ತಂತಿಯ ಸ್ಪೀಕರ್ ಕೇಬಲ್ ಹಾಕಿ. ಆಂಪ್ ಆಫ್ ಮಾಡಿದ ಮೇಲೆಯೇ ಜೋಡಿಸಿ.

ಇನ್ನೊಂದು ಮಾತು. ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಅದು ತುಸುವೇ ಜಾಸ್ತಿ. ಅಷ್ಟಕ್ಕೆ ಆಂಪ್ ಸುಟ್ಟುಕೊಳ್ಳುವುದು ನಷ್ಟದ ಬಾಬ್ತು. ಓಮ್ ಮೇಷ್ಟರು ಊಹೆ ಬಿಟ್ಟು ಅಳೆದು ನೋಡಿದರು. ನಾವು ಅಷ್ಟು ಕಷ್ಟಪಡಬೇಕಿಲ್ಲ, ಬಾಕ್ಸ್ ತಿರುಗಿಸಿ ಹಿಂದಿನ ಅಂಕಿ ಓದಿದರೆ ಸಾಕು. ಈ ಬಾರಿ ನಿಮ್ಮ ಊರಿನ ಆರ್ಕೆಸ್ಟ್ರಾ ಗೆಳೆಯರಿಗೆ ಇದನ್ನೇ ಫಾರ್ವರ್ಡ್ ಮಾಡಿ.