ಗೆಣಸು, ಕಡಲೆಕಾಯಿ ಮತ್ತು ಚನ್ನಪಟ್ಟಣದ ಪ್ರಕಾಶ್

ಮಕ್ಕಳೇ, ಚನ್ನಪಟ್ಟಣ ಎಂದ ಕೂಡಲೇ ನಿಮಗೆ ಅರಗಿನ ಬಣ್ಣ ಬಳಿದ ಮರದ ಗೊಂಬೆಗಳು ನೆನಪಾಗಬಹುದು. ಆ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತ ವಿಜ್ಞಾನಿಯೊಬ್ಬರು ಅಮೆರಿಕದಲ್ಲಿ ಹೆಸರು ಮಾಡಿದ್ದಾರೆ. ಅವರೇ ಪ್ರೊ. ಚನ್ನಪಟ್ಟಣ ಎಸ್. ಪ್ರಕಾಶ್. ಭಾರತದಲ್ಲಿ ಕೃಷಿ ಮತ್ತು ತಳಿವಿಜ್ಞಾನ ಓದಿ, ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್.ಡಿ. ಮುಗಿಸಿ, ಅಲಬಾಮಾದ ಟಸ್ಕೀಗೀ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಅವರು ಅಲ್ಲಿ ಸಂಶೋಧನೆಗೆ ಆರಿಸಿಕೊಂಡ ಬೆಳೆಗಳು ನಮಗೆ ಹೊಸವೇನಲ್ಲ. ಸಂಕ್ರಾಂತಿಯ ದಿನ ರಾಮನಗರ, ಮಾಗಡಿ, ಕನಕಪುರದ ಕಡೆ ಮನೆಮನೆಯಲ್ಲೂ ಗೆಣಸು, ಕಡಲೆಕಾಯಿ, ಅವರೆಕಾಯಿ ಬೇಯುತ್ತವೆ. ಇವುಗಳಲ್ಲಿ ಮೊದಲಿನ ಎರಡು ಟಸ್ಕೀಗೀಗೂ ಹಳೆಯ ನೆಂಟರು. ಗುಲಾಮರ ಮನೆಯಲ್ಲಿ ಹುಟ್ಟಿದ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1896ರಲ್ಲಿ ಅಲ್ಲಿಗೆ ಬಂದಾಗ, ಸುತ್ತಲ ಹೊಲಗಳು ವರ್ಷವರ್ಷವೂ ಹತ್ತಿ ಬೆಳೆದು ಸಾರ ಕಳೆದುಕೊಂಡಿದ್ದವು. ಬಡ ರೈತರಿಗೆ ಅವರು ಕಡಲೆಕಾಯಿ, ಗೆಣಸು ಬೆಳೆಯಲು ಹೇಳಿಕೊಟ್ಟರು. ಕಡಲೆಕಾಯಿ ಗಿಡದ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ, ಮಣ್ಣಿಗೂ ಬಲ ಕೊಡುತ್ತವೆ. ನಮ್ಮ ರೈತರು ರಾಗಿ ಹೊಲದಲ್ಲಿ ಅವರೆಯ ಅಕ್ಕಡಿ ಸಾಲು ಹಾಕುವುದರಿಂದಲೂ ಇದೇ ಲಾಭ.

ಕಾರ್ವರ್ ಹೊಲದಲ್ಲಿ ಮಾಡಿದ್ದನ್ನು ಪ್ರಕಾಶ್ ಜೀವಕೋಶದೊಳಗೆ ಮುಂದುವರಿಸಿದರು. ಗೆಣಸು ಹೊಟ್ಟೆ ತುಂಬಿಸುತ್ತದೆ ನಿಜ, ಆದರೆ 100 ಗ್ರಾಂ ಗೆಣಸಿನಲ್ಲಿ ಪ್ರೋಟೀನು ಒಂದೂವರೆ ಗ್ರಾಂ ಆಸುಪಾಸು ಮಾತ್ರ. ಅಷ್ಟೇ ತೂಕದ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಗೆಣಸನ್ನೇ ನಂಬಿ ಬದುಕುವ ನಾಡುಗಳಲ್ಲಿ ಮಕ್ಕಳ ಬೆಳವಣಿಗೆಗೆ ಈ ಕೊರತೆ ಪೆಟ್ಟು ಕೊಡುತ್ತದೆ. ಗೆಣಸಿನ ಕೋಶಕ್ಕೇ ಹೊಸ ಜೀನ್ ಸೇರಿಸಿ ಪ್ರೋಟೀನು ಹೆಚ್ಚಿಸಲಾದೀತೇ ಎಂಬುದು ಅವರ ತಂಡದ ಪ್ರಶ್ನೆಯಾಗಿತ್ತು.

ಅದಕ್ಕೊಂದು ದಾರಿ ಜೀನ್ ಗನ್. ಕಣ್ಣಿಗೆ ಕಾಣದಷ್ಟು ಸಣ್ಣ ಟಂಗ್‌ಸ್ಟನ್ ಕಣಗಳಿಗೆ ಹೊಸ ಜೀನ್ ಇರುವ ಡಿಎನ್‌ಎ ಲೇಪಿಸಿ, ಎಲೆ ಮತ್ತು ಎಲೆತೊಟ್ಟಿನ ಚೂರುಗಳ ಮೇಲೆ ಭಾರಿ ವೇಗದಲ್ಲಿ ಹಾರಿಸುತ್ತಾರೆ. ಕೆಲವು ಕಣಗಳು ಕೋಶದ ಗೋಡೆ ತೂರಿ ಒಳಗಿಳಿಯುತ್ತವೆ. ಹೊಸ ಜೀನನ್ನು ತನ್ನದಾಗಿಸಿಕೊಳ್ಳುವ ಕೋಶಗಳು ಬೆರಳೆಣಿಕೆಯಷ್ಟು. ಅವನ್ನು ಹುಡುಕಿ, ಗಾಜಿನ ತಟ್ಟೆಯಲ್ಲಿ ಪೋಷಕಾಂಶ ಕೊಟ್ಟು ಬೆಳೆಸಬೇಕು. ಗೆಣಸಿನ ಮೇಲಿನ ಈ ಪ್ರಯೋಗದ ಪ್ರಬಂಧವನ್ನು ಪ್ರಕಾಶ್ ಸಹೋದ್ಯೋಗಿಯೊಂದಿಗೆ 1992ರಲ್ಲಿ ಪ್ರಕಟಿಸಿದರು. ಕಡಲೆಕಾಯಿಯ ಡಿಎನ್‌ಎ ಗುರುತುಗಳನ್ನು ಪತ್ತೆಹಚ್ಚುವ ಕೆಲಸವೂ ಅವರ ಪ್ರಯೋಗಾಲಯದಲ್ಲಿ ನಡೆಯಿತು.

ಹೀಗೆ ಜೀನ್ ಸೇರಿಸಿದ ಬೆಳೆಗಳಿಗೆ ಕುಲಾಂತರಿ ಬೆಳೆಗಳೆಂದು ಹೆಸರು. ಅವುಗಳ ಪರವಾಗಿ ಪ್ರಕಾಶ್ ಊರೂರು ಸುತ್ತಿ ಮಾತನಾಡಿದರು, ಬರೆದರು. ವಿಜ್ಞಾನವನ್ನು ಜನರಿಗೆ ತಿಳಿಹೇಳಿದ್ದಕ್ಕೆ 2015ರಲ್ಲಿ ಕೃಷಿ ವಿಜ್ಞಾನಿ ಬೋರ್ಲಾಗ್ ಹೆಸರಿನ ಪ್ರಶಸ್ತಿ ಸಿಕ್ಕಿತು. ಆದರೆ ಅವರ ತವರಿನಲ್ಲೇ ಬೇರೆ ದನಿಯೂ ಗಟ್ಟಿಯಾಗಿದೆ. 1998ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘದವರು ಕುಲಾಂತರಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟರು. ಬಿತ್ತನೆ ಬೀಜವೆಲ್ಲ ಕಂಪನಿಗಳ ಕೈಸೇರಿದರೆ ರೈತನ ಗತಿಯೇನು ಎಂಬುದು ಅವರ ಆತಂಕ. 2010ರಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆ ಎಂಬ ಕುಲಾಂತರಿ ಬೆಳೆಗೆ ತಡೆ ಹಾಕಿತು.

ಮುಂದಿನ ಸಲ ರಜೆಗೆ ಊರಿಗೆ ಹೋದಾಗ ಹೊಲದಲ್ಲಿರುವ ಅಜ್ಜನನ್ನೋ ಪಕ್ಕದ ಮನೆಯ ರೈತರನ್ನೋ ಕೇಳಿ: ಬಿತ್ತನೆ ಬೀಜ ಮನೆಯದೋ ಅಂಗಡಿಯದೋ, ಅದನ್ನೇ ಯಾಕೆ ಆರಿಸಿಕೊಂಡಿರಿ? ಅವರು ಹೇಳುವುದನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕೋಣ.