ರಾಬರ್ಟ್ ಮೋಗ್

ರಾಬರ್ಟ್ ಆರ್ಥರ್ ಮೋಗ್ (ಮೇ 23, 1934 – ಆಗಸ್ಟ್ 21, 2005) ಅಮೆರಿಕದ ಇಂಜಿನಿಯರ್ ಹಾಗೂ ವಿದ್ಯುನ್ಮಾನ ವಾದ್ಯಗಳ ತಯಾರಕರು. ಬಿಡಿ ಘಟಕಗಳನ್ನು ಜೋಡಿಸಿ ನಾದವನ್ನು ಸೃಷ್ಟಿಸುವ ಮಾಡ್ಯುಲರ್ ಸಿಂಥಸೈಜರನ್ನು ರೂಪಿಸಿ ಮಾರಾಟಕ್ಕೆ ತಂದವರಲ್ಲಿ ಇವರು ಮೊದಲಿಗರು. ಇವರ ವಾದ್ಯ ಜಗತ್ಪ್ರಸಿದ್ಧವಾಯಿತು. ಆದರೆ ಅದನ್ನು ಮಾರುವ ಉದ್ಯಮ ಇವರ ಕೈಯಲ್ಲಿ ಉಳಿಯಲಿಲ್ಲ; ತಮ್ಮದೇ ಹೆಸರಿನಲ್ಲಿ ವಾದ್ಯ ಮಾರುವ ಹಕ್ಕನ್ನೂ ಹಲವು ವರ್ಷ ಕಳೆದುಕೊಂಡಿದ್ದರು. ಇವರ ಕುಲನಾಮವನ್ನು ಅನೇಕರು ‘ಮೂಗ್’ ಎಂದು ಓದುತ್ತಾರೆ. ಅವರು ಸ್ವತಃ ‘ಮೋಗ್’ ಎಂದು ಉಚ್ಚರಿಸುತ್ತಿದ್ದರು.

ಜನನ ಮತ್ತು ಶಿಕ್ಷಣ

ಮೋಗ್ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ಜಾರ್ಜ್ ವಿದ್ಯುತ್ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದರು. ತಾಯಿಯ ಒತ್ತಾಸೆಯಿಂದ ಬಾಲಕ ಪಿಯಾನೋ ಕಲಿತರೂ ಮನಸ್ಸು ಹರಿದದ್ದು ತಂದೆಯ ಕಾರ್ಯಾಗಾರದ ಕಡೆಗೆ. 1949ರಲ್ಲಿ, ಇನ್ನೂ ಶಾಲಾ ವಿದ್ಯಾರ್ಥಿಯಾಗಿರುವಾಗಲೇ, ಥೆರೆಮಿನ್ ಎಂಬ ವಾದ್ಯವನ್ನು ಕೈಯಾರೆ ಕಟ್ಟಿದರು. ಇದು ಮುಟ್ಟದೆಯೇ ನುಡಿಸುವ ವಾದ್ಯ. ಒಂದು ಆಂಟೆನಾದ ಬಳಿ ಕೈ ಚಲಿಸಿದಂತೆ ಶ್ರುತಿಯೂ ಇನ್ನೊಂದರ ಬಳಿ ಚಲಿಸಿದಂತೆ ಧ್ವನಿಯ ಮಟ್ಟವೂ ಬದಲಾಗುತ್ತವೆ. ಬ್ರಾಂಕ್ಸ್ ಹೈಸ್ಕೂಲ್ ಆಫ್ ಸೈನ್ಸ್‌ನಲ್ಲಿ ಓದಿದ ಮೋಗ್, ಮುಂದೆ ಕ್ವೀನ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನೂ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗನ್ನೂ ಅಭ್ಯಸಿಸಿದರು. 1965ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಥೆರೆಮಿನ್ ಮಾರಾಟ

ವಿದ್ಯಾರ್ಥಿ ದೆಸೆಯಲ್ಲಿಯೇ ತಂದೆಯೊಡಗೂಡಿ ಆರ್. ಎ. ಮೋಗ್ ಎಂಬ ಹೆಸರಿನಲ್ಲಿ ಥೆರೆಮಿನ್‌ಗಳ ಮಾರಾಟ ಆರಂಭಿಸಿದರು. 1961ರಲ್ಲಿ ಟ್ರಾನ್ಸಿಸ್ಟರ್ ಬಳಸಿದ ಥೆರೆಮಿನ್ನಿನ ಬಿಡಿಭಾಗಗಳ ಕಿಟ್ಟನ್ನು 49.95 ಡಾಲರ್ ಬೆಲೆಗೆ ಹೊರತಂದರು. ನಿಯತಕಾಲಿಕದಲ್ಲಿ ಪ್ರಕಟವಾದ ಅವರ ಲೇಖನವೇ ಜಾಹೀರಾತಾಯಿತು. ಸುಮಾರು ಸಾವಿರ ಕಿಟ್‌ಗಳು ಖರ್ಚಾದವು. ವಾದ್ಯ ತಯಾರಿಕೆಯಿಂದ ಜೀವನ ನಡೆಸಬಹುದೆಂಬ ಭರವಸೆ ಅವರಿಗೆ ಹುಟ್ಟಿದ್ದು ಇದರಿಂದಲೇ. 1963ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಕಾರ್ಯಾಗಾರ ತೆರೆದರು.

ಮಾಡ್ಯುಲರ್ ಸಿಂಥಸೈಜರ್

1963ರ ಕೊನೆಯಲ್ಲಿ ಸಂಗೀತ ಶಿಕ್ಷಕರ ಸಮ್ಮೇಳನವೊಂದರಲ್ಲಿ ಮೋಗ್‌ರಿಗೆ ಸ್ವರ ಸಂಯೋಜಕ ಹರ್ಬರ್ಟ್ ಡಾಯ್ಚ್ ಪರಿಚಯವಾದರು. ಮರುವರ್ಷ ಇಬ್ಬರೂ ಸೇರಿ ಹೊಸ ವಾದ್ಯದ ಮಾದರಿಯನ್ನು ಸಿದ್ಧಪಡಿಸಿದರು. ನಾದವನ್ನು ಹುಟ್ಟಿಸುವ ಆಸಿಲೇಟರ್, ಅದರ ಬಣ್ಣವನ್ನು ತಿದ್ದುವ ಫಿಲ್ಟರ್, ಏರಿಳಿತ ನೀಡುವ ಆಂಪ್ಲಿಫೈಯರ್ ಮೊದಲಾದವು ಈ ಪದ್ಧತಿಯಲ್ಲಿ ಪ್ರತ್ಯೇಕ ಘಟಕಗಳಾಗಿರುತ್ತವೆ. ನುಡಿಸುವವರು ಅವನ್ನು ತಂತಿಗಳಿಂದ ತಮಗೆ ಬೇಕಾದಂತೆ ಜೋಡಿಸಿಕೊಳ್ಳಬೇಕು. ವೋಲ್ಟೇಜಿನ ಬದಲಾವಣೆಯಿಂದಲೇ ಒಂದು ಘಟಕವು ಇನ್ನೊಂದನ್ನು ನಿಯಂತ್ರಿಸುವುದು ಇದರ ಜೀವಾಳ. ಒಂದು ವೋಲ್ಟ್ ಹೆಚ್ಚಿದರೆ ಶ್ರುತಿ ಒಂದು ಸ್ಥಾಯಿ ಏರುತ್ತದೆ. ಇದೇ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ ಸ್ವತಂತ್ರವಾಗಿ ಇಂತಹದೇ ಪದ್ಧತಿಯನ್ನು ರೂಪಿಸುತ್ತಿದ್ದರು.

1964ರ ಅಕ್ಟೋಬರಿನಲ್ಲಿ ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ ಸಮ್ಮೇಳನದಲ್ಲಿ ಪ್ರದರ್ಶಿಸಿದಾಗ ಮೊದಲ ಬೇಡಿಕೆಗಳು ಬಂದವು. ನೃತ್ಯ ಸಂಯೋಜಕ ಆಲ್ವಿನ್ ನಿಕೊಲೈ ಆರಂಭದ ಗ್ರಾಹಕರಲ್ಲಿ ಒಬ್ಬರು. ಮೋಗ್‌ರು ರೂಪಿಸಿದ ‘ಲ್ಯಾಡರ್ ಫಿಲ್ಟರ್’ಗೆ 1969ರಲ್ಲಿ ಪೇಟೆಂಟ್ ದೊರೆಯಿತು. ಸಿಂಥಸೈಜರಿನ ಒಟ್ಟು ಪರಿಕಲ್ಪನೆಗೆ ಅವರು ಪೇಟೆಂಟ್ ಪಡೆಯಲಿಲ್ಲ.

ಉದ್ಯಮದ ಏಳುಬೀಳು

ಕಿಟ್ ಮಾರಾಟದ ಅನುಭವ ಇಲ್ಲಿ ನೆರವಿಗೆ ಬರಲಿಲ್ಲ. ಪೂರ್ಣ ಪ್ರಮಾಣದ ವಾದ್ಯಕ್ಕೆ ಹಲವು ಸಾವಿರ ಡಾಲರ್ ಬೆಲೆಯಿತ್ತು. ಕೊಳ್ಳುವವರು ವಿಶ್ವವಿದ್ಯಾಲಯಗಳು, ಜಾಹೀರಾತು ಸಂಗೀತದ ಸ್ಟುಡಿಯೋಗಳು ಮತ್ತು ಕೆಲವೇ ಸಂಯೋಜಕರು. ಒಬ್ಬರಿಗೆ ಬೇಕಾದ ಜೋಡಣೆ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲವಾದ್ದರಿಂದ ಬೇಡಿಕೆ ಬಂದಮೇಲೆಯೇ ಕೈಗೆಲಸದಿಂದ ತಯಾರಿಸಬೇಕಾಗಿತ್ತು. ಕೊಂಡವರಿಗೆ ಬಳಸುವ ಬಗೆಯನ್ನೂ ಕಲಿಸಬೇಕಾಗಿತ್ತು. ಮೂಲ ಬಂಡವಾಳವಾಗಲಿ ವ್ಯಾಪಾರದ ತರಬೇತಿಯಾಗಲಿ ಮೋಗ್‌ರಿಗೆ ಇರಲಿಲ್ಲ.

1968ರಲ್ಲಿ ವೆಂಡಿ ಕಾರ್ಲೋಸ್ ಅವರು ಮೋಗ್ ವಾದ್ಯದಲ್ಲಿ ಬಾಕ್‌ನ ಕೃತಿಗಳನ್ನು ನುಡಿಸಿದ ‘ಸ್ವಿಚ್ಡ್-ಆನ್ ಬಾಕ್’ ಧ್ವನಿಮುದ್ರಿಕೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಬೇಡಿಕೆ ಒಮ್ಮೆಲೇ ಉಕ್ಕಿತು. ಅದನ್ನು ಅನುಕರಿಸಿದ ಬಹುಪಾಲು ಧ್ವನಿಮುದ್ರಿಕೆಗಳು ಸೋತಾಗ ಅಷ್ಟೇ ಬೇಗ ಇಳಿಯಿತು. ಅಷ್ಟರಲ್ಲಿ ಎಆರ್‌ಪಿ, ಇಎಂಎಸ್ ಮುಂತಾದ ಪ್ರತಿಸ್ಪರ್ಧಿಗಳೂ ಬಂದಿದ್ದರು. 1970ರಲ್ಲಿ ಬಿಲ್ ಹೆಮ್ಸಾತ್ ಮತ್ತು ಸಂಗಡಿಗರು ಕಂಪನಿಯಲ್ಲಿ ಮಿನಿಮೋಗನ್ನು ಸಿದ್ಧಪಡಿಸಿದರು. ಘಟಕಗಳೆಲ್ಲ ಒಳಗೇ ಜೋಡಣೆಗೊಂಡಿದ್ದ ಈ ವಾದ್ಯವನ್ನು ಎತ್ತಿಕೊಂಡು ಹೋಗಬಹುದಾಗಿತ್ತು. ಸಾಮಾನ್ಯ ವಾದ್ಯದಂಗಡಿಗಳಲ್ಲಿ ಮಾರಬಹುದಾಗಿತ್ತು. ಮುಂದಿನ ಒಂದು ದಶಕದಲ್ಲಿ 12,000ಕ್ಕೂ ಹೆಚ್ಚು ಮಿನಿಮೋಗ್‌ಗಳು ಮಾರಾಟವಾದವು.

ಆದರೆ ಆ ಲಾಭ ಮೋಗ್‌ರಿಗೆ ತಡವಾಗಿತ್ತು. ಸಾಲದ ಹೊರೆಯಿಂದ 1971ರಲ್ಲಿ ಕಂಪನಿಯು ಬಿಲ್ ವೇಟೆನಾ ಎಂಬ ಹೂಡಿಕೆದಾರರ ವಶವಾಗಿ ಬಫಲೋ ನಗರದ ಸಮೀಪಕ್ಕೆ ಸ್ಥಳಾಂತರಗೊಂಡಿತು. ಮೋಗ್ ಮ್ಯೂಸಿಕ್ ಎಂಬ ಹೆಸರು ತಳೆದು 1973ರಲ್ಲಿ ನಾರ್ಲಿನ್ ಸಂಸ್ಥೆಗೆ ಮಾರಾಟವಾಯಿತು. ತಮ್ಮ ಹೆಸರಿನ ಕಂಪನಿಯಲ್ಲಿ ನೌಕರರಾಗಿ ಉಳಿದ ಮೋಗ್ 1977ರಲ್ಲಿ ಅದನ್ನು ತೊರೆದರು. ಹೆಸರು ಮಾತ್ರ ಕಂಪನಿಯ ಸ್ವತ್ತಾಗಿಯೇ ಉಳಿಯಿತು.

ಭಾರತದಲ್ಲಿ ಮೋಗ್ ವಾದ್ಯ

1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಯೋಜಕ ಡೇವಿಡ್ ಟ್ಯೂಡರ್ ಮೋಗ್ ಮಾಡ್ಯುಲರ್ ವಾದ್ಯವನ್ನೊಳಗೊಂಡ ಸ್ಟುಡಿಯೋ ಸ್ಥಾಪಿಸಿದರು. ಇದರ ಹಿಂದೆ ಗೀತಾ ಸಾರಾಭಾಯಿಯವರ ಆಸಕ್ತಿಯಿತ್ತು. ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಮೊದಲಾದವರು ಇಲ್ಲಿ ಪ್ರಯೋಗ ನಡೆಸಿದರು. ಕೆಲವೇ ವರ್ಷಗಳಲ್ಲಿ ಸ್ಟುಡಿಯೋ ಸ್ತಬ್ಧವಾಯಿತು. ದಶಕಗಳ ಕಾಲ ಮರೆಯಲ್ಲಿದ್ದ ಧ್ವನಿಸುರುಳಿಗಳು ಈಚಿನ ವರ್ಷಗಳಲ್ಲಿ ಬೆಳಕಿಗೆ ಬಂದು 2023ರಲ್ಲಿ ಪ್ರಕಟಗೊಂಡಿವೆ.

ಕೊನೆಯ ವರ್ಷಗಳು

1978ರಲ್ಲಿ ಉತ್ತರ ಕ್ಯಾರೊಲಿನಾಕ್ಕೆ ತೆರಳಿದ ಮೋಗ್, ಬಿಗ್ ಬ್ರಯರ್ ಎಂಬ ಸಣ್ಣ ಸಂಸ್ಥೆ ಕಟ್ಟಿ ಮತ್ತೆ ಥೆರೆಮಿನ್ ತಯಾರಿಕೆಗೆ ಮರಳಿದರು. 1980ರ ದಶಕದಲ್ಲಿ ಕರ್ಜ್‌ವೈಲ್ ವಾದ್ಯ ಕಂಪನಿಯಲ್ಲಿ ಕೆಲಕಾಲ ದುಡಿದರು. ಡಿಜಿಟಲ್ ವಾದ್ಯಗಳ ಅಲೆಯಲ್ಲಿ ಬಫಲೋದ ಹಳೆಯ ಕಂಪನಿ ಮುಚ್ಚಿಹೋಯಿತು. 2002ರಲ್ಲಿ ಅಮೆರಿಕದಲ್ಲಿ ತಮ್ಮ ಹೆಸರಿನ ವ್ಯಾಪಾರ ಹಕ್ಕನ್ನು ಮರಳಿ ಪಡೆದ ಮೋಗ್, ಬಿಗ್ ಬ್ರಯರನ್ನು ಮೋಗ್ ಮ್ಯೂಸಿಕ್ ಎಂದು ಮರುನಾಮಕರಣ ಮಾಡಿ ಮಿನಿಮೋಗ್ ವಾಯೇಜರ್ ಹೊರತಂದರು. ಮಿದುಳಿನ ಗೆಡ್ಡೆಯಿಂದ ಬಳಲಿ ಆ್ಯಶ್‌ವಿಲ್‌ನಲ್ಲಿ ತಮ್ಮ 71ನೆಯ ವಯಸ್ಸಿನಲ್ಲಿ ನಿಧನರಾದರು.

ಗೌರವ ಮತ್ತು ಪ್ರಭಾವ

2001ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ, 2002ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಅವರಿಗೆ ಸಂದವು. 1990ರ ದಶಕದ ಮಧ್ಯದಲ್ಲಿ ಜರ್ಮನಿಯ ಡೀಟರ್ ಡೋಪ್ಫರ್ ಬಳಕೆಗೆ ತಂದ ಯೂರೋರ್‍ಯಾಕ್ ಅಳತೆಯಿಂದಾಗಿ ಒಬ್ಬ ತಯಾರಕರ ಘಟಕವನ್ನು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಅಳವಡಿಸುವುದು ಸಾಧ್ಯವಾಯಿತು. ಈಗ ಇಡೀ ವಾದ್ಯದ ಬದಲು ಒಂದೊಂದೇ ಘಟಕ ತಯಾರಿಸಿ ಮಾರುವ ಸಣ್ಣ ಸಂಸ್ಥೆಗಳು ಹಲವು ದೇಶಗಳಲ್ಲಿವೆ. ಕೆಲವೇ ಗ್ರಾಹಕರು, ಸಣ್ಣ ಪ್ರಮಾಣದ ತಯಾರಿಕೆ, ಅದರಿಂದ ಏರುವ ಬೆಲೆ – ಮೋಗ್ ಎದುರಿಸಿದ ಈ ತೊಡಕುಗಳು ಅವರನ್ನೂ ಬಿಟ್ಟಿಲ್ಲ.