ಬೇಬ್ ರೂತ್ ಸಹಿಗೆ ಬೆಲೆ ಕಟ್ಟುವುದು ಹೇಗೆ?

ಅಮೆರಿಕದ ಬೇಸ್‌ಬಾಲ್ ಆಟಗಾರ ಬೇಬ್ ರೂತ್ ತೀರಿಕೊಂಡು ಮುಕ್ಕಾಲು ಶತಮಾನ ದಾಟಿದೆ. ಆದರೂ ಹರಾಜಿನಲ್ಲಿ ಅವರ ಹೆಸರು ಕೇಳಿದರೆ ಇಂದಿಗೂ ಪೈಪೋಟಿ ಶುರುವಾಗುತ್ತದೆ. 1914ರಲ್ಲಿ ಬಾಲ್ಟಿಮೋರ್‌ನ ಪತ್ರಿಕೆಯೊಂದು ಹೊರತಂದಿದ್ದ, ಅವರ ಚಿತ್ರವಿರುವ ಪುಟ್ಟ ಕಾರ್ಡ್ 2023ರಲ್ಲಿ 72 ಲಕ್ಷ ಡಾಲರ್‌ಗೆ ಮಾರಾಟವಾಯಿತು. 1932ರ ವರ್ಲ್ಡ್ ಸೀರೀಸ್‌ನಲ್ಲಿ ಅವರು ತೊಟ್ಟಿದ್ದ ಅಂಗಿಗೆ 2024ರಲ್ಲಿ 2 ಕೋಟಿ 41 ಲಕ್ಷ ಡಾಲರ್‌ಗಿಂತ ಹೆಚ್ಚು ಬಂತು. ಅವರ ಸಹಿ ಇರುವ ಹಳೆಯ ಫೋಟೊಗಳಿಗಾಗಿ ಜಗತ್ತಿನಾದ್ಯಂತ ಸಂಗ್ರಾಹಕರು ಹುಡುಕುತ್ತಲೇ ಇರುತ್ತಾರೆ.

ವಿಚಿತ್ರ ಏನೆಂದರೆ, ಇಷ್ಟು ಬೆಲೆಬಾಳುವ ಈ ಮನುಷ್ಯ ಏಳನೇ ವಯಸ್ಸಿನಲ್ಲಿ ಮನೆಯವರಿಗೇ ಬೇಡವಾಗಿದ್ದ ಹುಡುಗ.

ಜಾರ್ಜ್ ಹರ್ಮನ್ ರೂತ್ ಹುಟ್ಟಿದ್ದು 1895ರ ಫೆಬ್ರುವರಿ 6ರಂದು, ಬಾಲ್ಟಿಮೋರ್‌ನ ಬಡವರ ಕೇರಿಯಲ್ಲಿ. ಅಪ್ಪನದು ಹೆಂಡದಂಗಡಿ. ಹುಟ್ಟಿದ ಎಂಟು ಮಕ್ಕಳಲ್ಲಿ ಬದುಕುಳಿದದ್ದು ಜಾರ್ಜ್ ಮತ್ತು ತಂಗಿ ಮೇಮಿ ಇಬ್ಬರೇ. ಹಗಲೆಲ್ಲ ದುಡಿಯುವ ಅಪ್ಪ ಅಮ್ಮನಿಗೆ ಮಗನ ಕಡೆ ನೋಡಲು ಪುರಸೊತ್ತಿಲ್ಲ. ಹುಡುಗ ಶಾಲೆಗೆ ಹೋಗದೆ ಬೀದಿ ಅಲೆದ. ಕೊನೆಗೆ 1902ರಲ್ಲಿ ಅವನನ್ನು ಸೇಂಟ್ ಮೇರೀಸ್ ಇಂಡಸ್ಟ್ರಿಯಲ್ ಸ್ಕೂಲ್‌ಗೆ ಸೇರಿಸಿದರು. ಅನಾಥರನ್ನೂ, ಹೇಳಿದ ಮಾತು ಕೇಳದ ಮಕ್ಕಳನ್ನೂ ಇಟ್ಟುಕೊಳ್ಳುತ್ತಿದ್ದ, ಕ್ರೈಸ್ತ ಸನ್ಯಾಸಿಗಳು ನಡೆಸುತ್ತಿದ್ದ ಶಾಲೆ ಅದು. ನಡುನಡುವೆ ಮನೆಗೆ ಬಂದು ಹೋದದ್ದು ಬಿಟ್ಟರೆ, ಹತ್ತೊಂಬತ್ತು ತುಂಬುವವರೆಗೂ ಅದೇ ಅವನ ಮನೆ.

ಅಲ್ಲಿ ಅವನು ಅಂಗಿ ಹೊಲಿಯುವ ಕೆಲಸ ಕಲಿತ. ಜತೆಗೆ ಬ್ರದರ್ ಮಥಾಯಸ್ ಎಂಬ ಆಜಾನುಬಾಹು ಸನ್ಯಾಸಿ ಅವನಿಗೆ ಬೇಸ್‌ಬಾಲ್ ಕಲಿಸಿದರು. ಆ ಗುರು ಮೈದಾನದಲ್ಲಿ ನಿಂತು ಚೆಂಡನ್ನು ಎತ್ತಿ ಬಾರಿಸುತ್ತಿದ್ದುದನ್ನು ಹುಡುಗ ಬೆರಗಿನಿಂದ ನೋಡುತ್ತಿದ್ದ. ಮುಂದೆ ಕೈಯಲ್ಲಿ ಹಣ ಓಡಾಡತೊಡಗಿದಾಗ ರೂತ್ ಆ ಗುರುವಿಗೆ ಕ್ಯಾಡಿಲಾಕ್ ಕಾರು ಕೊಡಿಸಿದರು. ಶಾಲೆಗೆ ಬೆಂಕಿ ಬಿದ್ದಾಗ ಅಲ್ಲಿನ ಮಕ್ಕಳ ಬ್ಯಾಂಡ್ ತಂಡವನ್ನು ಪ್ರವಾಸಕ್ಕೆ ಕರೆದೊಯ್ದು ದೇಣಿಗೆ ಎತ್ತಿಕೊಟ್ಟರು. ಸಹಾಯವನ್ನು ಅವರು ಮರೆಯಲಿಲ್ಲ.

1914ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಮಾಲೀಕ ಜಾಕ್ ಡನ್ ಈ ಹುಡುಗನನ್ನು ಸೇರಿಸಿಕೊಂಡರು. ಡನ್ ಅವರ ಹಿಂದೆಯೇ ಸುತ್ತುತ್ತಿದ್ದ ಎಳೆಯನನ್ನು ಉಳಿದ ಆಟಗಾರರು ಡನ್‌ನ ಮಗು ಎಂದು ಛೇಡಿಸಿದರು. ಬೇಬ್ ಎಂಬ ಹೆಸರು ಅಂಟಿಕೊಂಡಿದ್ದು ಹಾಗೆ. ಅದೇ ವರ್ಷ ಅವರು ಬಾಸ್ಟನ್ ರೆಡ್ ಸಾಕ್ಸ್ ತಂಡದ ಪಾಲಾದರು.

ಮೊದಲು ಹೆಸರು ಮಾಡಿದ್ದು ಪಿಚರ್ ಆಗಿ, ಅಂದರೆ ನಮ್ಮ ಬೌಲರ್ ಥರ. 1916 ಮತ್ತು 1918ರ ವರ್ಲ್ಡ್ ಸೀರೀಸ್‌ಗಳಲ್ಲಿ ಸತತ 29 ಇನ್ನಿಂಗ್ಸ್‌ಗೂ ಹೆಚ್ಚು ಕಾಲ ಎದುರಾಳಿಗೆ ಒಂದು ರನ್ನೂ ಕೊಡಲಿಲ್ಲ. ಆ ದಾಖಲೆ 1961ರವರೆಗೆ ಉಳಿಯಿತು. ಆದರೆ ಅವರ ಬ್ಯಾಟಿನ ಹೊಡೆತ ಅದಕ್ಕಿಂತ ದೊಡ್ಡದಾಗಿತ್ತು. ಬೇಸ್‌ಬಾಲ್‌ನಲ್ಲಿ ಚೆಂಡನ್ನು ಮೈದಾನದ ಬೇಲಿಯಾಚೆ ಅಟ್ಟುವ ಹೋಮ್ ರನ್, ಕ್ರಿಕೆಟ್‌ನ ಸಿಕ್ಸರ್‌ಗಿಂತ ಬಹಳ ಅಪರೂಪ. 1919ರಲ್ಲಿ ರೂತ್ ಅಂಥ 29 ಹೊಡೆದರು. ಆ ವರ್ಷದ ಕೊನೆಯಲ್ಲಿ ಬಾಸ್ಟನ್ ತಂಡದ ಮಾಲೀಕರು ಅವರನ್ನು ಒಂದು ಲಕ್ಷ ಡಾಲರ್‌ಗೆ ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದರು. ಆ ಕಾಲಕ್ಕೆ ಅದು ಕಂಡು ಕೇಳರಿಯದ ಮೊತ್ತ. ಆದರೂ ಮಾರಿದವರೇ ಸೋತರು. ರೆಡ್ ಸಾಕ್ಸ್ ಮತ್ತೆ ವರ್ಲ್ಡ್ ಸೀರೀಸ್ ಗೆಲ್ಲಲು 2004ರವರೆಗೆ ಕಾಯಬೇಕಾಯಿತು.

1920ರಲ್ಲಿ ರೂತ್ 54 ಹೋಮ್ ರನ್ ಹೊಡೆದರು. ಅಮೆರಿಕನ್ ಲೀಗ್‌ನ ಉಳಿದ ಏಳು ತಂಡಗಳಲ್ಲಿ ಯಾವುದೂ ಇಡೀ ತಂಡವಾಗಿ ಅಷ್ಟು ಹೊಡೆದಿರಲಿಲ್ಲ. 1921ರಲ್ಲಿ 59, 1927ರಲ್ಲಿ 60. 1923ರ ಏಪ್ರಿಲ್ 18ರಂದು ಯಾಂಕೀ ಸ್ಟೇಡಿಯಂ ಉದ್ಘಾಟನೆಯಾದಾಗ ಅಲ್ಲಿನ ಮೊದಲ ಹೋಮ್ ರನ್ ಕೂಡ ಅವರದೇ. 1930ರಲ್ಲಿ ಅವರ ಸಂಬಳ 80,000 ಡಾಲರ್. ಅಮೆರಿಕದ ಅಧ್ಯಕ್ಷರ ಸಂಬಳ ಆಗ 75,000. ನಿವೃತ್ತಿಯ ಹೊತ್ತಿಗೆ ಒಟ್ಟು 714 ಹೋಮ್ ರನ್. ಅದನ್ನು ಹ್ಯಾಂಕ್ ಆರನ್ ಮುರಿದದ್ದು 1974ರಲ್ಲಿ.

ಅದು ಟಿ.ವಿ. ಇಲ್ಲದ ಕಾಲ. ಜನ ರೂತ್ ಅವರನ್ನು ಕಂಡದ್ದು ಪತ್ರಿಕೆಯ ಫೋಟೊಗಳಲ್ಲಿ. ಸುದ್ದಿ ಸಂಸ್ಥೆಗಳ ಛಾಯಾಗ್ರಾಹಕರು ಅವರ ಬೆನ್ನು ಬಿಡುತ್ತಿರಲಿಲ್ಲ. ರೂತ್ ಕೂಡ ಕ್ಯಾಮೆರಾ ಕಂಡರೆ ನಗುತ್ತಿದ್ದರು, ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು, ಕೇಳಿದವರಿಗೆಲ್ಲ ಸಹಿ ಹಾಕಿಕೊಡುತ್ತಿದ್ದರು. 1926ರಲ್ಲಿ ಜಾನಿ ಸಿಲ್ವೆಸ್ಟರ್ ಎಂಬ 11 ವರ್ಷದ ಹುಡುಗ ಕಾಯಿಲೆ ಬಿದ್ದಿದ್ದಾಗ, ಅವನಿಗಾಗಿ ಒಂದು ಹೋಮ್ ರನ್ ಹೊಡೆಯುವುದಾಗಿ ಚೆಂಡಿನ ಮೇಲೆ ಬರೆದು ಸಹಿ ಮಾಡಿ ಕಳುಹಿಸಿದರು. ಆ ವರ್ಲ್ಡ್ ಸೀರೀಸ್‌ನ ಒಂದೇ ಪಂದ್ಯದಲ್ಲಿ ಮೂರು ಹೋಮ್ ರನ್ ಹೊಡೆದರು. ಹುಡುಗ ಚೇತರಿಸಿಕೊಂಡ. ಪತ್ರಿಕೆಗಳು ಈ ಕತೆಗೆ ಸಾಕಷ್ಟು ಉಪ್ಪು ಖಾರ ಹಚ್ಚಿದವು ನಿಜ. ಆದರೆ ಚೆಂಡು ನಿಜ, ಸಹಿಯೂ ನಿಜ.

ಬೆಲೆಯ ಲೆಕ್ಕಾಚಾರ ಶುರುವಾಗುವುದು ಇಲ್ಲಿಂದ. ಅಪರೂಪವಾದದ್ದಕ್ಕೆ ಬೆಲೆ ಹೆಚ್ಚು ಎಂದು ನಾವು ಅರ್ಥಶಾಸ್ತ್ರದಲ್ಲಿ ಓದುತ್ತೇವೆ. ಅದಕ್ಕೆ ಒಳ್ಳೆಯ ಉದಾಹರಣೆ ರೂತ್ ಕಾಲದವರೇ ಆದ ಜೋ ಜಾಕ್ಸನ್. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಸಹಿ ಬೇಕಾದಾಗ ಹೆಚ್ಚಾಗಿ ಅವರ ಪತ್ನಿಯೇ ಹಾಕುತ್ತಿದ್ದರು. ಹಾಗಾಗಿ ಜಾಕ್ಸನ್ ಸ್ವತಃ ಸಹಿ ಹಾಕಿದ 1911ರ ಒಂದು ಫೋಟೊ 2021ರಲ್ಲಿ 14 ಲಕ್ಷ 70 ಸಾವಿರ ಡಾಲರ್ ತಂದಿತು. ರೂತ್ ಸಹಿ ಅಷ್ಟು ವಿರಳವಲ್ಲ, ಸಾವಿರಾರು ಇವೆ. ಆದರೆ ಅದನ್ನು ಬೇಡುವವರು ಇರುವ ಸಹಿಗಳಿಗಿಂತ ಎಷ್ಟೋ ಹೆಚ್ಚು. ವಿರಳತೆ ಒಂದೇ ಬೆಲೆ ತರುವುದಿಲ್ಲ, ಬೇಡಿಕೆಯೂ ಬೇಕು ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೆ?

ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನನಗೆ ಹೆಚ್ಚು ಹಿಡಿಸಿದ್ದು ಅಸಲಿ ನಕಲಿ ಪರೀಕ್ಷಿಸುವ ಕ್ರಮ. ಸಂಗ್ರಾಹಕರು ಹಳೆಯ ಫೋಟೊಗಳನ್ನು ನಾಲ್ಕು ದರ್ಜೆಯಾಗಿ ವಿಂಗಡಿಸುತ್ತಾರೆ. ಮೂಲ ನೆಗೆಟಿವ್‌ನಿಂದ, ಚಿತ್ರ ತೆಗೆದ ಸುಮಾರು ಎರಡು ವರ್ಷದೊಳಗೆ ಮಾಡಿದ ಪ್ರಿಂಟ್ ಮೊದಲ ದರ್ಜೆ. ಮೂಲ ನೆಗೆಟಿವ್‌ನಿಂದಲೇ ಆದರೂ ತಡವಾಗಿ ಮಾಡಿದ್ದು ಎರಡನೆಯದು. ನೆಗೆಟಿವ್‌ನ ನಕಲಿನಿಂದಲೋ ತಂತಿಯ ಮೂಲಕ ಬಂದ ಚಿತ್ರದಿಂದಲೋ ಆ ಕಾಲದಲ್ಲೇ ಮಾಡಿದ್ದು ಮೂರನೆಯದು. ಅಂಥ ನಕಲಿನಿಂದ ಎಷ್ಟೋ ವರ್ಷಗಳ ಬಳಿಕ ಮಾಡಿದ್ದು ನಾಲ್ಕನೆಯದು. ಚಿತ್ರ ಒಂದೇ, ಮುಖ ಒಂದೇ, ನಗು ಒಂದೇ. ಆದರೂ ಮೊದಲ ದರ್ಜೆಗೂ ನಾಲ್ಕನೆಯದಕ್ಕೂ ಬೆಲೆಯಲ್ಲಿ ಅಜಗಜಾಂತರ.

ಹಾಗಾದರೆ ಪ್ರಿಂಟ್‌ನ ವಯಸ್ಸು ತಿಳಿಯುವುದು ಹೇಗೆ? ಬಲ್ಲವರು ಮೊದಲು ಫೋಟೊ ತಿರುವಿ ಹಾಕಿ ಹಿಂಬದಿ ನೋಡುತ್ತಾರೆ. ಸುದ್ದಿ ಸಂಸ್ಥೆಯ ಮೊಹರು, ಅಂಟಿಸಿದ ವಿವರದ ಚೀಟಿ, ಪತ್ರಿಕಾ ಕಚೇರಿಯ ದಿನಾಂಕದ ಮುದ್ರೆ ಅಲ್ಲಿರುತ್ತವೆ. ಸಂಸ್ಥೆಗಳು ಕಾಲಕಾಲಕ್ಕೆ ಮೊಹರು ಬದಲಿಸುತ್ತಿದ್ದುದರಿಂದ ಮೊಹರೇ ವರ್ಷ ಹೇಳುತ್ತದೆ. ಅಸೋಸಿಯೇಟೆಡ್ ಪ್ರೆಸ್ ತಂತಿ ಮೂಲಕ ಚಿತ್ರ ಕಳುಹಿಸುವ ಸೇವೆ ಆರಂಭಿಸಿದ್ದು 1935ರಲ್ಲಿ. ಆ ಸೇವೆಯ ಗುರುತು ಇರುವ ಪ್ರಿಂಟನ್ನು 1927ರದೆಂದು ಯಾರಾದರೂ ಮಾರಲು ಬಂದರೆ ನಂಬುವಂತಿಲ್ಲ. ನೇರಳಾತೀತ ದೀಪದ ಪರೀಕ್ಷೆ ಇನ್ನೊಂದು. ಕಾಗದ ಬೆಳ್ಳಗೆ ಕಾಣಲೆಂದು ಫೋಟೊ ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬೆರೆಸುವುದು ರೂಢಿಯಾದದ್ದು 1950ರ ದಶಕದಲ್ಲಿ. ಅಂಥ ಕಾಗದ ಆ ಬೆಳಕಿನಲ್ಲಿ ನೀಲಿಯಾಗಿ ಮಿನುಗುತ್ತದೆ. ರೂತ್ ಕಾಲದ ಕಾಗದ ಮಿನುಗುವುದಿಲ್ಲ.

ಸಹಿಗೂ ಇದೇ ತರ್ಕ. ಅಮೆರಿಕದ ಅಂಗಡಿಗಳಲ್ಲಿ ಬಾಲ್ ಪೆನ್ ಮಾರಾಟಕ್ಕೆ ಬಂದದ್ದು 1945ರ ಅಕ್ಟೋಬರ್‌ನಲ್ಲಿ. ರೂತ್ ತೀರಿಕೊಂಡದ್ದು 1948ರಲ್ಲಿ. ಅಂದರೆ ಬಾಲ್ ಪೆನ್ನಿನ ರೂತ್ ಸಹಿ ಅವರ ಕೊನೆಯ ಮೂರು ವರ್ಷದ್ದು ಮಾತ್ರ ಆಗಿರಲು ಸಾಧ್ಯ. ಶಾರ್ಪಿ ಮಾರ್ಕರ್ ಬಂದದ್ದು 1964ರಲ್ಲಿ. ಅದರಲ್ಲಿ ರೂತ್ ಸಹಿ ಇದ್ದರೆ ಬೇರೆ ಪರೀಕ್ಷೆಯೇ ಬೇಕಿಲ್ಲ. ಇನ್ನು ಬರವಣಿಗೆ. ಮೊದಮೊದಲು ರೂತ್ ಬೇಬ್ ಎಂಬ ಪದವನ್ನು ಉದ್ಧರಣ ಚಿಹ್ನೆಯೊಳಗೆ ಬರೆಯುತ್ತಿದ್ದರು, ಬರುಬರುತ್ತ ಅದನ್ನು ಬಿಟ್ಟರು. ಚಿತ್ರದ ಕಾಲಕ್ಕೂ ಸಹಿಯ ಶೈಲಿಗೂ ತಾಳೆಯಾಗಬೇಕು. ಇದೆಲ್ಲದರ ಮೇಲೆ, ಈ ಫೋಟೊ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದಕ್ಕೆ ದಾಖಲೆ ಬೇಕು.

ಇಷ್ಟೆಲ್ಲ ಜಾಗ್ರತೆಗೆ ಕಾರಣವಿದೆ. 1990ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ಆಪರೇಷನ್ ಬುಲ್‌ಪೆನ್ ಎಂಬ ತನಿಖೆ ನಡೆಸಿ ದೊಡ್ಡದೊಂದು ನಕಲಿ ಸಹಿ ಜಾಲವನ್ನು ಬಯಲಿಗೆಳೆಯಿತು. ಅವರು ನಕಲು ಮಾಡಿದವರಲ್ಲಿ ರೂತ್ ಅವರೂ ಇದ್ದರು. ಮದರ್ ತೆರೇಸಾ ಸಹಿ ಹಾಕಿದ ಬೇಸ್‌ಬಾಲ್ ಕೂಡ ಅಲ್ಲಿ ಸಿಕ್ಕಿತು ಎಂದರೆ ಮೋಸದ ಧೈರ್ಯ ಎಷ್ಟಿರಬೇಕು! ಆ ಜಾಲದ ಸರಕಿಗೂ ಅಸಲಿ ಎಂಬ ಪ್ರಮಾಣಪತ್ರ ಇತ್ತು. ಪ್ರಮಾಣಪತ್ರ ಇದ್ದ ಮಾತ್ರಕ್ಕೆ ವಸ್ತು ಅಸಲಿಯಾಗುವುದಿಲ್ಲ.

ದಾಖಲೆಯ ವಿಷಯದಲ್ಲಿ ರೂತ್ ಬದುಕಿನಲ್ಲೇ ಒಂದು ತಮಾಷೆ ಇದೆ. ತಾವು ಹುಟ್ಟಿದ್ದು 1894ರ ಫೆಬ್ರುವರಿ 7ರಂದು ಎಂದೇ ಅವರು ನಂಬಿದ್ದರು. 1934ರಲ್ಲಿ ಜಪಾನ್ ಪ್ರವಾಸಕ್ಕೆ ಪಾಸ್‌ಪೋರ್ಟ್ ಮಾಡಿಸುವಾಗ ಜನನ ಪ್ರಮಾಣಪತ್ರ ತೆಗೆಸಿದರೆ, ಅದರಲ್ಲಿ ಬೇರೆ ವರ್ಷ, ಬೇರೆ ದಿನ! ನಲವತ್ತು ಎಂದುಕೊಂಡಿದ್ದವರಿಗೆ ಆಗಿದ್ದು ಮೂವತ್ತೊಂಬತ್ತು. ಮಗುವಿನ ಹುಟ್ಟುಹಬ್ಬವನ್ನು ನೆನಪಿಟ್ಟು ಹೇಳುವವರು ಆ ಮನೆಯಲ್ಲಿ ಇರಲಿಲ್ಲ.

1935ರಲ್ಲಿ ಅವರು ಆಟ ಬಿಟ್ಟರು. ತಂಡವೊಂದರ ಮ್ಯಾನೇಜರ್ ಆಗಬೇಕೆಂಬ ಆಸೆ ಬಹಳವಿತ್ತು. ಆದರೆ ಯಾವ ದೊಡ್ಡ ತಂಡವೂ ಆ ಕೆಲಸ ಕೊಡಲಿಲ್ಲ. 1936ರಲ್ಲಿ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಮೊದಲ ಐವರಲ್ಲಿ ಒಬ್ಬರಾದ ವ್ಯಕ್ತಿ, ಫೋನ್ ಬರಬಹುದೆಂದು ಕಾಯುತ್ತಲೇ ಉಳಿದರು. ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ನಮ್ಮಲ್ಲಿ ಅನೇಕರಿಗೆ ಆ ಕಾಯುವಿಕೆ ಅರ್ಥವಾಗುತ್ತದೆ.

1946ರಲ್ಲಿ ಕ್ಯಾನ್ಸರ್ ಬಂತು. ಆಗಷ್ಟೇ ಪ್ರಯೋಗದಲ್ಲಿದ್ದ ಔಷಧವನ್ನೂ ಅವರ ಮೇಲೆ ಬಳಸಲಾಯಿತು. ಈ ನಡುವೆ ನೋಡಲು ಬಂದವರಲ್ಲಿ ಬೆಳೆದು ದೊಡ್ಡವರಾಗಿದ್ದ ಜಾನಿ ಸಿಲ್ವೆಸ್ಟರ್ ಕೂಡ ಒಬ್ಬರು.

1948ರ ಜೂನ್ 13. ಯಾಂಕೀ ಸ್ಟೇಡಿಯಂಗೆ 25 ವರ್ಷ ತುಂಬಿದ ಸಮಾರಂಭ. ರೂತ್ ತೊಡುತ್ತಿದ್ದ 3ನೇ ಸಂಖ್ಯೆಯ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಘೋಷಿಸುವ ದಿನ. ದೇಹ ಸೊರಗಿ, ಅಂಗಿ ಜೋಲುತ್ತಿತ್ತು. ಎದುರಾಳಿ ತಂಡದ ಬಾಬ್ ಫೆಲರ್ ಅವರ ಬ್ಯಾಟನ್ನೇ ಊರುಗೋಲಾಗಿ ಹಿಡಿದು ಅವರು ಮೈದಾನಕ್ಕೆ ಬಂದರು. ಛಾಯಾಗ್ರಾಹಕರೆಲ್ಲ ಮುಂದೆ ಸಾಲುಗಟ್ಟಿದರು. ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್‌ನ ನ್ಯಾಟ್ ಫೈನ್, ಅಸ್ವಸ್ಥರಾಗಿದ್ದ ಸಹೋದ್ಯೋಗಿಯ ಬದಲಿಗೆ ಅಂದು ಬಂದವರು. ಅವರು ಹಿಂದಕ್ಕೆ ಹೋದರು. 3 ಎಂಬ ಅಂಕಿ ಕಾಣುವುದು ಬೆನ್ನ ಮೇಲೆ ತಾನೆ? ಫ್ಲ್ಯಾಷ್ ಹಾಕದೆ, ಮೋಡದ ಬೆಳಕಿನಲ್ಲೇ ಕ್ಲಿಕ್ಕಿಸಿದರು. ಮುಖವೇ ಕಾಣದ ಆ ಚಿತ್ರಕ್ಕೆ 1949ರ ಪುಲಿಟ್ಜರ್ ಪ್ರಶಸ್ತಿ ಬಂತು.

ಆಗಸ್ಟ್ 16ರಂದು ರೂತ್ ತೀರಿಕೊಂಡರು. ವಯಸ್ಸು 53. ಆ ಚಿತ್ರ ತೆಗೆದ ಬಳಿಕ ಅವರು ಬದುಕಿದ್ದು 64 ದಿನ. ಅದರಲ್ಲಿ ಬಹುಪಾಲು ಆಸ್ಪತ್ರೆಯಲ್ಲಿ. ಹಾಗಾಗಿ ಆ ಚಿತ್ರದ ಮೇಲೆ ರೂತ್ ಸಹಿ ಇದೆ ಎಂದು ಯಾರಾದರೂ ಹೇಳಿದರೆ ಹತ್ತು ಸಲ ಪರೀಕ್ಷಿಸಬೇಕು. ಫೈನ್ 2000ದವರೆಗೆ ಬದುಕಿದ್ದರು. ಅವರೇ ಸಹಿ ಹಾಕಿದ, ತಡವಾಗಿ ಮಾಡಿದ ಪ್ರಿಂಟ್‌ಗಳು ಸಿಗುತ್ತವೆ. 1948ರ ಪ್ರಿಂಟ್‌ಗಳು ಕೈಗೆಟಕುವುದು ಕಷ್ಟ.

ರೂತ್ ಆಡಂಬರದ ಬದುಕು, ಅವರ ಊಟ, ಕುಡಿತ, ಶಿಸ್ತಿಲ್ಲದ ನಡವಳಿಕೆ ಇವೆಲ್ಲ ಪ್ರಸಿದ್ಧವೇ. ಅವರನ್ನು ಆದರ್ಶ ಪುರುಷ ಎನ್ನಲು ನಾನು ಹೊರಟಿಲ್ಲ. ಆದರೆ ಬೆಲೆಯ ಬಗ್ಗೆ ಈ ಬದುಕು ಒಂದು ಮಾತು ಹೇಳುತ್ತದೆ ಅನ್ನಿಸುತ್ತದೆ. ಏಳನೇ ವಯಸ್ಸಿಗೆ ಮನೆಯವರು ಕಟ್ಟಿದ ಬೆಲೆ ತಪ್ಪಾಗಿತ್ತು. ಲಕ್ಷ ಡಾಲರ್‌ಗೆ ಮಾರಿದ ಮಾಲೀಕರ ಲೆಕ್ಕವೂ ತಪ್ಪಾಗಿತ್ತು. ಬಿಡುವಿಲ್ಲದೆ ಸಹಿ ಹಾಕಿದ್ದಕ್ಕೆ ರೂತ್ ಯಾರ ಬಳಿಯೂ ಲೆಕ್ಕ ಕೇಳಲಿಲ್ಲ. ಹುಡುಗನೊಬ್ಬನ ಕಣ್ಣಲ್ಲಿ ಖುಷಿ ಕಂಡರೆ ಅವರಿಗೆ ಅಷ್ಟೇ ಸಾಕಿತ್ತು.

ಮೊದಲ ಸಂದರ್ಶನದಲ್ಲಿ, ಮೊದಲ ಸೆಮಿಸ್ಟರ್‌ನಲ್ಲಿ ಯಾರೋ ನಮಗೆ ಕಟ್ಟುವ ಬೆಲೆಯೂ ಅಂತಿಮವಲ್ಲ. ಆದರೆ ಕಾಗದ ನಮ್ಮ ಕಾಲದ್ದೇ ಆಗಿರಬೇಕು, ಶಾಯಿ ನಮ್ಮದೇ ಆಗಿರಬೇಕು. ತಿರುವಿ ಹಾಕಿ ಹಿಂಬದಿ ನೋಡುವವರು ಒಂದಲ್ಲ ಒಂದು ದಿನ ಬಂದೇ ಬರುತ್ತಾರೆ.